ಮಂಟಪದ ರಾಕ್ಷಸನ ಕೈ ಆಡಿಸಿದವಳು ರೋಬೋಟಿಕ್ಸ್ ಓದಬಹುದೇ?

ಪ್ರಶ್ನೆ: ನಾನು ಮಡಿಕೇರಿ ಹತ್ತಿರದವಳು, ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ನಮ್ಮದು ಸಣ್ಣ ಕಾಫಿ ತೋಟ. ಚಿತ್ರ ಬರೆಯುವುದು, ಸಾಮಾನು ಬಿಚ್ಚಿ ಜೋಡಿಸುವುದು ಎರಡೂ ನನಗೆ ಇಷ್ಟ. ಕಳೆದ ದಸರಾದಲ್ಲಿ ಅಣ್ಣನ ಜೊತೆ, ಆಡುವ ಮೂರ್ತಿಗಳನ್ನು ಮೆರವಣಿಗೆಯಲ್ಲಿ ಒಯ್ಯುವ ಮಂಟಪದ ಕೆಲಸಕ್ಕೆ ಹೋಗಿದ್ದೆ. ಹಳೆಯ ಜೀಪಿನ ವೈಪರ್ ಮೋಟರ್ ಹಾಕಿ ಒಬ್ಬ ರಾಕ್ಷಸನ ಕೈ ಆಡುವ ಹಾಗೆ ಮಾಡಿದೆವು. ಆಗಿನಿಂದ ರೋಬೋಟಿಕ್ಸ್ ಓದುವ ಆಸೆ. ಹೊರದೇಶದ ಕೆಲವು ವಿಶ್ವವಿದ್ಯಾಲಯಗಳಲ್ಲಿ ರೋಬೋಟಿಕ್ಸನ್ನು ಸೃಜನಶೀಲ ಮತ್ತು ವಿಮರ್ಶಾತ್ಮಕ ಅಭ್ಯಾಸವಾಗಿ ಕಲಿಸುತ್ತಾರೆ ಅಂತ ಓದಿದೆ. ಹಾಗಂದರೆ ಏನು? ಅಪ್ಪ ಮಾತ್ರ, "ಕಲಿಯುವುದಾದರೆ ಕಾಫಿ ಕೊಯ್ಯುವ ರೋಬೋಟ್ ಮಾಡುವುದು ಕಲಿ, ಕೊಯ್ಲಿಗೆ ಜನ ಸಿಗ್ತಿಲ್ಲ. ಕಲೆ ಗಿಲೆ ಅಂತ ಹೋದರೆ ಕೆಲಸ ಸಿಗಲ್ಲ" ಅನ್ನುತ್ತಾರೆ. ನಾನು ಏನು ಓದಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ವೈಪರ್ ಮೋಟರಿನ ಮೇಲೆ. ನೀವು ಕೇಳಿದ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ವೈಪರ್ ಮೋಟರಿನ ಶಾಫ್ಟ್ ಒಂದೇ ದಿಕ್ಕಿಗೆ ಸುತ್ತುತ್ತದೆ. ಒಳಗೆ ಸ್ಕ್ರೂ ಥರದ ವರ್ಮ್ ಗೇರ್ ಇರುವುದರಿಂದ ವೇಗ ಕಡಿಮೆ, ತಿರುಗಿಸುವ ಬಲ ಜಾಸ್ತಿ. ಶಾಫ್ಟಿಗೆ ಅದರ ಜೊತೆ ಸುತ್ತುವ ಒಂದು ಸಣ್ಣ ತೋಳು (ಕ್ರ್ಯಾಂಕ್) ಕೂರಿಸಿ, ಅದಕ್ಕೊಂದು ಸರಳು ಸಿಕ್ಕಿಸಿದರೆ ಸುತ್ತುವ ಚಲನೆ ಹೋಗಿಬರುವ ಚಲನೆ ಆಗುತ್ತದೆ. ಇಷ್ಟನ್ನು ನೀವು ಮಾಡಿದ್ದೀರಿ. ಮಾಮೂಲಾಗಿ ಜೋಡಿಸಿದರೆ ಕೈ ಮೇಲೇಳಲು ಎಷ್ಟು ಹೊತ್ತು ಬೇಕೋ ಇಳಿಯಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಎರಡು ತುದಿಯಲ್ಲಿ ನಿಧಾನ, ನಡುವೆ ಜೋರು. ನೋಡುವವರಿಗೆ ರಾಕ್ಷಸ ಗಾಜು ಒರೆಸುತ್ತಿರುವ ಹಾಗೆ ಕಾಣುತ್ತದೆ.

ಈಗ ಮೋಟರನ್ನು ಕೂರಿಸಿದ ಜಾಗ ಸ್ವಲ್ಪ ಸರಿಸಿ, ಸರಳಿನ ಉದ್ದ ಬದಲಿಸಿ. ಒಂದು ಸುತ್ತಿನ ದೊಡ್ಡ ಪಾಲು ಕೈ ಎತ್ತುವುದಕ್ಕೆ, ಉಳಿದ ಸಣ್ಣ ಪಾಲು ಇಳಿಸುವುದಕ್ಕೆ ಹೋಗುವಂತೆ ಮಾಡಬಹುದು. ಕೈ ನಿಧಾನವಾಗಿ ಮೇಲೆ ಹೋಗುತ್ತದೆ, ಮೇಲೆ ಒಂದು ಕ್ಷಣ ನಿಂತಂತೆ ಆಗುತ್ತದೆ, ಆಮೇಲೆ ರಪ್ಪನೆ ಕೆಳಗೆ ಬರುತ್ತದೆ. ಅದೇ ಮೋಟರ್, ಅದೇ ಬ್ಯಾಟರಿ. ಕಂಪ್ಯೂಟರ್ ಇಲ್ಲ, ಕೋಡ್ ಇಲ್ಲ. ಆದರೆ ಎದುರು ನಿಂತ ಮಗು ಈಗ ಹಿಂದಕ್ಕೆ ಸರಿಯುತ್ತದೆ.

ಇದಕ್ಕೆ ಲೆಕ್ಕ ಬೇಕು. ನಾಲ್ಕು ಕೊಂಡಿಯ ಜೋಡಣೆ ಅಂತ ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ಕಲಿಸುತ್ತಾರೆ. ಸಿಟ್ಟು ಬಂದವನ ಕೈ ಹೇಗೆ ಏಳುತ್ತದೆ, ಎಲ್ಲಿ ತಡೆಯುತ್ತದೆ ಅನ್ನುವುದೂ ಗೊತ್ತಿರಬೇಕು. ಅದು ಚಿತ್ರ ಬರೆಯುವವರಿಗೆ, ವೇಷ ಕಟ್ಟುವವರಿಗೆ ಗೊತ್ತು. ಸೃಜನಶೀಲ ರೋಬೋಟಿಕ್ಸ್ ಅಂದರೆ ಈ ಎರಡು ತಿಳಿವಳಿಕೆಯನ್ನು ಒಬ್ಬರೇ, ಒಂದೇ ಮೇಜಿನ ಮೇಲೆ ಅಭ್ಯಾಸ ಮಾಡುವುದು. ಯಂತ್ರ ಕೆಲಸ ಮುಗಿಸಿತೇ ಅಂತ ಮಾತ್ರ ಕೇಳದೆ, ಅದು ಹೇಗೆ ನಡೆದುಕೊಂಡಿತು, ನೋಡಿದವರಿಗೆ ಏನಾಯಿತು ಅಂತಲೂ ಕೇಳುವುದು.

ಮಡಿಕೇರಿಯ ಜನ ಇದನ್ನು ಕಾಲೇಜಿಲ್ಲದೆ ಮಾಡಿಕೊಂಡು ಬಂದಿದ್ದಾರೆ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಟ್ರ್ಯಾಕ್ಟರಿನ ಮೇಲೆ ಹೊರಡುತ್ತವೆ, ಜನರೇಟರ್ ಕರೆಂಟಿನಲ್ಲಿ ದೇವರು ದಾನವರು ಬೆಳಗಿನ ಜಾವದ ತನಕ ಯುದ್ಧ ಮಾಡುತ್ತಾರೆ. ತೀರ್ಪುಗಾರರು ಮೂರ್ತಿಗಳ ಚಲನವಲನವನ್ನೂ ನೋಡಿ ಬಹುಮಾನ ಕೊಡುತ್ತಾರೆ. ಚಲಿಸುವ ಶಿಲ್ಪಕ್ಕೆ ಇಡೀ ಊರು ಚಂದಾ ಎತ್ತಿ, ರಸ್ತೆಯಲ್ಲಿ ನಿಂತು, ನಿಮ್ಮದು ಚೆನ್ನಾಗಿತ್ತು, ಅವರದು ಸಾಲದು ಅಂತ ವಾದ ಮಾಡುವ ಜಾಗ ಎಲ್ಲ ಕಡೆ ಇರುವುದಿಲ್ಲ. ಇದನ್ನು ಸುಮ್ನೆ ಹಬ್ಬದ ಸಡಗರ ಅಂತ ಬದಿಗಿಡಬೇಡಿ.

ಹೊರದೇಶಗಳ ಕಡೆಯಿಂದ ನೋಡಿದರೂ ಈ ದಾರಿ ಹಳೆಯದೇ. 1948-49ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ಮಿದುಳು ವಿಜ್ಞಾನಿ ಎರಡು ಆಮೆ ರೋಬೋಟ್ ಕಟ್ಟಿದರು. ಒಂದೊಂದರಲ್ಲೂ ಹಳೆಯ ರೇಡಿಯೊದಲ್ಲಿ ಇರುತ್ತಿದ್ದಂಥ ಬರೀ ಎರಡು ವಾಲ್ವ್, ಬೆಳಕು ಹಿಡಿಯುವ ಒಂದು ಕಣ್ಣು, ತಾಗಿದ್ದು ತಿಳಿಯುವ ಒಂದು ಸ್ವಿಚ್ಚು. ಬೆಳಕು ಕಂಡರೆ ಹತ್ತಿರ ಹೋಗುತ್ತಿದ್ದವು, ತೀರಾ ಪ್ರಖರವಾದರೆ ತಿರುಗಿ ಬರುತ್ತಿದ್ದವು. ಇಷ್ಟು ಕಡಿಮೆ ಸಾಮಾನಿನಿಂದ ಜೀವ ಇದ್ದಂತೆ ಕಾಣುವ ನಡೆ ಹೇಗೆ ಬರುತ್ತದೆ ಅನ್ನುವುದು ಅವರ ಪ್ರಶ್ನೆ.

ನನಗೆ ತುಂಬಾ ಇಷ್ಟವಾದದ್ದು ಸೆನ್‌ಸ್ಟರ್ ಎಂಬ ಚಲಿಸುವ ಶಿಲ್ಪ. ಪೋಲೆಂಡ್ ಮೂಲದ ಶಿಲ್ಪಿ ಎಡ್ವರ್ಡ್ ಇಹ್ನಾಟೊವಿಚ್ ಇದನ್ನು ಫಿಲಿಪ್ಸ್ ಕಂಪನಿಗಾಗಿ ಮಾಡಿದರು. 1970ರಲ್ಲಿ ನೆದರ್ಲೆಂಡ್ಸಿನ ಐಂಧೋವನ್ ನಗರದ ಪ್ರದರ್ಶನ ಭವನದಲ್ಲಿ ನಿಲ್ಲಿಸಿದರು. ಉಕ್ಕಿನ ಕೊಳವೆಗಳಿಂದ ಕಟ್ಟಿದ, ನಾಲ್ಕು ಮೀಟರಿಗೂ ಉದ್ದದ ದೇಹ. ಕೀಲುಗಳ ರಚನೆಯನ್ನು ಲಾಬ್‌ಸ್ಟರ್ ಎಂಬ ಕಡಲಜೀವಿಯ ಕೊಂಡಿಯಿಂದ ಕಲಿತದ್ದು. ಚಲನೆಗೆ ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ಸ್, ತಲೆಯಲ್ಲಿ ಮೈಕ್ರೊಫೋನ್ ಮತ್ತು ರಾಡಾರ್, ಹಿಂದೆ ಒಂದು ಕಂಪ್ಯೂಟರ್. ಮೆಲುದನಿ ಕೇಳಿದರೆ ತಲೆ ಅತ್ತ ಬಗ್ಗಿಸುತ್ತಿತ್ತು. ಕಿರುಚಿದರೆ, ಕೈಕಾಲು ಬೀಸಿದರೆ ಹಿಂದೆ ಸರಿಯುತ್ತಿತ್ತು. ನಿಯಮ ಇಷ್ಟೇ. ಆದರೆ ಅದನ್ನು ಹತ್ತಿರಕ್ಕೆ ಕರೆಯಬೇಕಾದರೆ ಎದುರು ನಿಂತವರು ದನಿ ತಗ್ಗಿಸಬೇಕಿತ್ತು, ನೋಡಿ. ಯಂತ್ರ ಮನುಷ್ಯರಿಗೆ ಮೆಲ್ಲಗೆ ಮಾತಾಡುವುದನ್ನು ಕಲಿಸುವ ಹಾಗೆ! 1974ರಲ್ಲಿ ಅದನ್ನು ಬಿಚ್ಚಿ ಹಾಕಿದರು. ಅಸ್ಥಿಪಂಜರದಂತಿದ್ದ ಚೌಕಟ್ಟು ಎಷ್ಟೋ ವರ್ಷ ಬಯಲಲ್ಲಿ ನಿಂತಿತ್ತು. ಈಚೆಗೆ ಪೋಲೆಂಡಿನ ಕ್ರಾಕೋವ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು ಅದನ್ನು ತಂದು ಮತ್ತೆ ಚಾಲೂ ಮಾಡಿದ್ದಾರೆ.

ನಮ್ಮ ಮಂಟಪಗಳ ಮೂರ್ತಿಗಳು ಜನ ಇದ್ದರೂ ಇಲ್ಲದಿದ್ದರೂ ಒಂದೇ ಥರ ಆಡುತ್ತವೆ, ಅಲ್ವಾ? ಎದುರು ನಿಂತವರನ್ನು ಗಮನಿಸುವ ಒಂದು ಮೂರ್ತಿ ಇದ್ದರೆ ಏನಾಗಬಹುದು ಅಂತ ಯೋಚಿಸಿ. ಆ ಗದ್ದಲದಲ್ಲಿ ಶಬ್ದ ನಂಬಿ ಪ್ರಯೋಜನವಿಲ್ಲ, ಬೇರೇನನ್ನು ಗಮನಿಸಬೇಕು ಅನ್ನುವುದರಿಂದಲೇ ವಿನ್ಯಾಸ ಶುರುವಾಗುತ್ತದೆ.

ಇನ್ನು "ವಿಮರ್ಶಾತ್ಮಕ" ಅನ್ನುವುದಕ್ಕೆ ಬರುತ್ತೇನೆ. ಇದನ್ನು ಕೇಳಿದ ತಕ್ಷಣ ಯಂತ್ರಗಳನ್ನು ಬೈಯುತ್ತಾ ಪ್ರಬಂಧ ಬರೆಯುವುದು ಅಂತ ಕೆಲವರು ತಿಳಿಯುತ್ತಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕೃತಕ ಬುದ್ಧಿಮತ್ತೆಯಲ್ಲೇ ಪಿಎಚ್‌ಡಿ ಮಾಡಿದ ಫಿಲ್ ಅಗ್ರೆ 1997ರಲ್ಲಿ ಇದಕ್ಕೆ ಬೇರೆ ದಾರಿ ತೋರಿಸಿದರು. ಕಟ್ಟುವವರೇ ಪ್ರಶ್ನಿಸಬೇಕು, ಒಂದು ಕಾಲು ಕಟ್ಟುವ ಕೆಲಸದಲ್ಲಿ, ಇನ್ನೊಂದು ಕಾಲು ಆ ಕೆಲಸದ ಹಿಂದಿನ ನಂಬಿಕೆಗಳನ್ನು ಕೆದಕುವುದರಲ್ಲಿ ಇರಬೇಕು ಅನ್ನುವುದು ಅವರ ವಾದದ ಸಾರ. ಕೊಡಗಿನ ಉದಾಹರಣೆ ಕೊಟ್ಟರೆ ಇದು ಬೇಗ ಅರ್ಥವಾಗುತ್ತದೆ.

ಮಲೆನಾಡು, ಕೊಡಗಿನ ಕಡೆಯಿಂದ ಬಂದ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ತಪ್ಪದೆ ತರುವ ವಿಚಾರ ಆನೆ ಓಡಿಸುವ ಯಂತ್ರ. ಸೆನ್ಸರ್ ಆನೆಯನ್ನು ಗುರುತಿಸಬೇಕು, ಸೈರನ್ ಕೂಗಬೇಕು, ಲೈಟು ಮಿನುಗಬೇಕು. ವಿಚಾರ ಒಳ್ಳೆಯದೇ. ತೋಟದಲ್ಲಿ ಆನೆ ನಿಂತರೆ ಏನಾಗುತ್ತದೆ ಅಂತ ಸಿದ್ದಾಪುರದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಆದರೆ ತರಗತಿಯಲ್ಲಿ ನಾವು ಕಟ್ಟಲು ಶುರು ಮಾಡುವ ಮೊದಲೇ ಪ್ರಶ್ನೆಗಳು ಏಳುತ್ತವೆ. ಆನೆ ಓಡಿ ಎಲ್ಲಿಗೆ ಹೋಗುತ್ತದೆ? ಪಕ್ಕದ ತೋಟಕ್ಕೆ. ಹಾಗಾದರೆ ಯಂತ್ರ ಕೊಳ್ಳಲು ಆಗದ ಸಣ್ಣ ತೋಟದವರ ಕಡೆಗೆ ನಾವು ಆನೆಯನ್ನು ಅಟ್ಟಿದ ಹಾಗಾಯಿತು. ಆನೆ ಬುದ್ಧಿವಂತ ಪ್ರಾಣಿ. ಬರೀ ಸದ್ದು, ಏನೂ ಆಗುವುದಿಲ್ಲ ಅಂತ ತಿಳಿದ ಮೇಲೆ ಸೈರನ್ ಕಡೆ ತಿರುಗಿಯೂ ನೋಡುವುದಿಲ್ಲ. ಆಗ ಸದ್ದು ಹೆಚ್ಚಿಸಬೇಕೇ? ಎಲ್ಲಿಯವರೆಗೆ?

ಇಲ್ಲಿ ಒಂದು ಹೆಜ್ಜೆ ಹಿಂದೆ ಬರಬೇಕು. ನಾವು ಯಾರನ್ನು ಕಾಪಾಡಲು ಹೊರಟಿದ್ದೇವೆ? ಬಾಳೆ, ಹಲಸು, ಕಾಫಿ ಗಿಡವನ್ನೋ, ಬೆಳಿಗ್ಗೆ ಮಂಜು ಕವಿದಿರುವಾಗ ಕೂಲಿಯವರ ಲೈನ್ ಮನೆಯಿಂದ ಕೆಲಸಕ್ಕೆ ನಡೆದು ಬರುವ ಹೆಂಗಸನ್ನೋ? ಎರಡಕ್ಕೂ ಒಂದೇ ಯಂತ್ರ ಸಾಲದು. ಅವಳನ್ನು ಕಾಪಾಡುವುದಾದರೆ ಆನೆಯನ್ನು ಓಡಿಸುವುದಕ್ಕಿಂತ, ಆನೆ ಇದೆ ಅಂತ ಅವಳಿಗೆ ಮೊದಲೇ ತಿಳಿಸುವುದು ಮುಖ್ಯ. ಬೆದರಿ ಓಡುವ ಆನೆಯ ದಾರಿಯಲ್ಲೇ ಅವಳು ಸಿಕ್ಕಬಹುದು. ಸರಿ, ತಿಳಿಸುವುದು ಹೇಗೆ? ಮೊಬೈಲಿಗೆ ಮೆಸೇಜ್ ಅಂದರೆ ಅದು ಮಾಲೀಕರ ಮೊಬೈಲಿಗೆ ಹೋಗುತ್ತದೆ. ಧ್ವನಿ ಅಂದರೆ ಯಾವ ಭಾಷೆ? ಅದೇ ತೋಟದಲ್ಲಿ ಯರವ ಮಾತಾಡುವವರಿದ್ದಾರೆ, ಮಲಯಾಳಂನವರಿದ್ದಾರೆ, ಅಸ್ಸಾಮಿನಿಂದ ಬಂದವರಿದ್ದಾರೆ. ಬೆಳಕು ಅಂದರೆ ಮಂಜಿನಲ್ಲಿ ಎಷ್ಟು ದೂರ ಕಂಡೀತು? ತಪ್ಪಾಗಿ ದಿನಾ ಕೆಂಪು ದೀಪ ಹೊತ್ತಿಕೊಂಡರೆ ಆ ದಿನದ ಕೂಲಿ ಯಾರು ಕೊಡುತ್ತಾರೆ?

ಇವನ್ನೆಲ್ಲ ಮುನ್ನುಡಿಯಲ್ಲಿ ಬರೆದು ಬಿಟ್ಟುಬಿಡುವಂತಿಲ್ಲ. ಒಂದೊಂದೂ ಸರ್ಕ್ಯೂಟಿಗೆ ಇಳಿಯುತ್ತದೆ. ಸೆನ್ಸರ್ ಎಷ್ಟು ಸೂಕ್ಷ್ಮವಾಗಿರಬೇಕು, ಸುಳ್ಳು ಎಚ್ಚರಿಕೆ ಎಷ್ಟು ಬಂದರೆ ಸಹಿಸಬಹುದು, ದೀಪದ ಕಂಬ ಎಲ್ಲಿ ನೆಡಬೇಕು, ಬಂದ್ ಮಾಡುವ ಸ್ವಿಚ್ಚು ಯಾರ ಕೈಯಲ್ಲಿರಬೇಕು ಅನ್ನುವುದೆಲ್ಲ ಈ ಉತ್ತರಗಳಿಂದಲೇ ತೀರ್ಮಾನವಾಗುತ್ತದೆ. ಹೀಗೆ ಪ್ರಶ್ನೆ ಬದಲಾದಾಗ ಯಂತ್ರದ ಆಕಾರವೇ ಬದಲಾಗುವುದನ್ನು ನಾನು ವಿಮರ್ಶಾತ್ಮಕ ಅಭ್ಯಾಸ ಅನ್ನುತ್ತೇನೆ. ಯಂತ್ರ ಬದಲಾಗದಿದ್ದರೆ ಅದು ಬರೀ ಮಾತು.

ದೂರದಿಂದ ತೋಟ ನೋಡಿಕೊಳ್ಳುವುದರ ಬಗ್ಗೆಯೂ ಇಂಥದ್ದೇ ಒಂದು ಕೆಲಸ ಇದೆ. 1995ರಲ್ಲಿ ಕೆನ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಟೆಲಿಗಾರ್ಡನ್ ಮಾಡಿದರು. ಒಂದು ಸಣ್ಣ ತೋಟದ ನಡುವೆ ರೋಬೋಟ್ ತೋಳು. ಯಾವ ದೇಶದಲ್ಲಿ ಕೂತವರೂ ಇಂಟರ್ನೆಟ್ ಮೂಲಕ ಅದನ್ನು ನಡೆಸಿ ಬೀಜ ಹಾಕಬಹುದು, ನೀರು ಹನಿಸಬಹುದು. ಆಮೇಲೆ ಅದು ಆಸ್ಟ್ರಿಯಾದ ಲಿಂಜ್ ನಗರದಲ್ಲಿ 2004ರ ತನಕ ನಡೆಯಿತು. ಮಣ್ಣು ಮುಟ್ಟದೆ ಬೆಳೆಸುವುದು ಬೆಳೆಸುವುದೇ ಹೌದಾ ಅನ್ನುವ ಪ್ರಶ್ನೆ ಆಗ ವಿಚಿತ್ರವಾಗಿ ಕಂಡಿರಬಹುದು. ಇವತ್ತು ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ತೋಟದ ಸಿಸಿಟಿವಿ ನೋಡುವ ಎಷ್ಟು ಮನೆಗಳು ಕೊಡಗಿನಲ್ಲಿವೆ!

ಈಗ ನಿಮ್ಮ ತಂದೆಯವರ ಮಾತು. ಅವರು ಹೇಳಿದ್ದು ಸರಿಯಾದ ಸಮಸ್ಯೆ. ಕೊಯ್ಲಿಗೆ ಜನ ಸಿಗದ ಕಷ್ಟ ಅನುಭವಿಸಿದವರಿಗೇ ಗೊತ್ತು. ಬ್ರೆಜಿಲ್‌ನ ಸಮತಟ್ಟು ನೆಲದಲ್ಲಿ ದೊಡ್ಡ ಯಂತ್ರಗಳು ಸಾಲಿನ ಮೇಲೆ ಹಾದು, ಗಿಡ ಅಲುಗಿಸಿ ಹಣ್ಣು ಉದುರಿಸುತ್ತವೆ. ಕೊಡಗಿನಲ್ಲಿ ಹಾಗಾಗುವುದಿಲ್ಲ. ನೆಲ ಇಳಿಜಾರು. ಮೇಲೆ ಸಿಲ್ವರ್ ಓಕ್, ಹಾಲುವಾಣ, ಕಾಡುಮರಗಳ ನೆರಳು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅರೇಬಿಕಾದ ಒಂದೇ ಗೊಂಚಲಿನಲ್ಲಿ ಹಸಿರು ಕಾಯಿ, ಅರೆಗೆಂಪು, ಪೂರ್ತಿ ಹಣ್ಣು ಒಟ್ಟಿಗೆ ಇರುತ್ತವೆ. ಎಲೆಗಳ ನಡುವಿನಿಂದ ಬೀಳುವ ಚುಕ್ಕೆ ಚುಕ್ಕೆ ಬಿಸಿಲಿನಲ್ಲಿ ಕ್ಯಾಮೆರಾಗೆ ಬಣ್ಣವೇ ತಪ್ಪುತ್ತದೆ. ಕೊಯ್ಯುವವರ ಬೆರಳಿಗೆ ಮಾತ್ರ ಹಣ್ಣು ತಾನಾಗಿ ಕಳಚುವುದು, ಕಾಯಿ ಹಿಡಿದುಕೊಳ್ಳುವುದು ಎರಡೂ ಗೊತ್ತಾಗುತ್ತದೆ. ಮುಂದಿನ ಕೊಯ್ಲಿನಲ್ಲಿ ಒಂದು ದಿನ ಅವರ ಪಕ್ಕ ನಿಂತು ಕೈಯನ್ನೇ ನೋಡಿ. ಹೆಬ್ಬೆರಳು ಎಲ್ಲಿ ಒತ್ತುತ್ತದೆ, ರೆಂಬೆ ಮುರಿಯದಂತೆ ಎಡಗೈ ಹೇಗೆ ಬಾಗಿಸಿ ಹಿಡಿಯುತ್ತದೆ ಅಂತ ಚಿತ್ರ ಬರೆದುಕೊಳ್ಳಿ. ಕೊಯ್ಯುವ ರೋಬೋಟ್ ಮಾಡಲು ಹೊರಡುವ ಎಂಜಿನಿಯರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಇಲ್ಲ. ನಿಮ್ಮ ಚಿತ್ರಕಲೆ ಇಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಅಪ್ಪನಿಗೂ ಹೇಳಿ.

ಆ ಕೈಗಳ ಬಗ್ಗೆ ಇನ್ನೊಂದು ಮಾತು. ಸುನ್ ಯುವಾನ್, ಪೆಂಗ್ ಯು ಎಂಬ ಚೀನಾದ ಕಲಾವಿದರು 2016ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಮ್ಮಿಗಾಗಿ ಒಂದು ಕೆಲಸ ಮಾಡಿದರು. ಕಾರ್ಖಾನೆಯ ರೋಬೋಟ್ ತೋಳೊಂದು ಸುತ್ತ ಹರಿಯುವ ರಕ್ತದಂಥ ಮಂದ ದ್ರವವನ್ನು ಬಳಿದು ಬಳಿದು ತನ್ನ ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಅದು ಮತ್ತೆ ಹರಿಯುತ್ತದೆ, ತೋಳು ಮತ್ತೆ ಬಳಿಯುತ್ತದೆ. ಅದರ ವಿಡಿಯೊ ನೋಡಿದ ಎಷ್ಟೋ ಜನ ಆ ಯಂತ್ರಕ್ಕಾಗಿ ಮರುಗಿದ್ದಾರೆ. ದಣಿವೇ ಇಲ್ಲದ ಯಂತ್ರಕ್ಕೆ ಮರುಗುವ ನಮಗೆ, ದಿನವಿಡೀ ಬಾಗಿ ದುಡಿಯುವ ಮನುಷ್ಯರ ದಣಿವು ಕಾಣುತ್ತದೆಯೇ? ಕೊಯ್ಯುವ ಯಂತ್ರ ಬಂದ ದಿನ ಅವರು ಏನು ಮಾಡುತ್ತಾರೆ, ಅವರ ಭಾರ ಇಳಿಸುವ ಯಂತ್ರ ಮೊದಲು ಬರಬಾರದೇ ಅನ್ನುವುದನ್ನು ತೋಟದಲ್ಲಿ ಬೆಳೆದ ನಿಮ್ಮಂಥವರು ಕೇಳಿದರೆ ಅದಕ್ಕೆ ತೂಕ ಜಾಸ್ತಿ. ಇಳಿಜಾರಿನಲ್ಲಿ ತುಂಬಿದ ಕಾಫಿ ಚೀಲವನ್ನು ಕಣದವರೆಗೆ ಸಾಗಿಸುವ ಒಂದು ಗಾಡಿ ಮಾಡುವುದು, ಕೊಯ್ಯುವ ರೋಬೋಟಿಗಿಂತ ಎಷ್ಟೋ ಸುಲಭ. ಬೇಗ ಉಪಯೋಗಕ್ಕೂ ಬಂದೀತು.

ಹಾಗಾದರೆ ಏನು ಓದಬೇಕು? ಹೊರದೇಶದಲ್ಲಿ ಇದೇ ಹೆಸರಿನ ಜಾಗಗಳಿವೆ. ಲಿಂಜ್‌ನ ಕಲಾ ವಿಶ್ವವಿದ್ಯಾಲಯದಲ್ಲಿ ಕ್ರಿಯೇಟಿವ್ ರೋಬೋಟಿಕ್ಸ್ ಅಂತಲೇ ಒಂದು ವಿಭಾಗ ಇದೆ. ನಮ್ಮಲ್ಲಿ ಬೋರ್ಡಿನ ಮೇಲೆ ಆ ಹೆಸರು ಹುಡುಕುತ್ತಾ ಕೂರಬೇಡಿ. ಎರಡು ಬಾಗಿಲುಗಳಿವೆ.

ಮೊದಲನೆಯದು ಎಂಜಿನಿಯರಿಂಗ್. ಸಿಇಟಿ ಬರೆದು ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಮೆಕಟ್ರಾನಿಕ್ಸ್ ಅಥವಾ ರೋಬೋಟಿಕ್ಸ್ ಆಂಡ್ ಆಟೊಮೇಷನ್. ಕೊಡಗಿನಲ್ಲೇ ಪೊನ್ನಂಪೇಟೆಯಲ್ಲೂ ಕುಶಾಲನಗರದಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಆಮೇಲೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ವಿನ್ಯಾಸದ ಸ್ನಾತಕೋತ್ತರ ಪದವಿ ಎಂ.ಡಿಸ್. ಇದೆ, ರೋಬೋಟಿಕ್ಸಿನ ಎಂ.ಟೆಕ್. ಇದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ಬೆಂಗಳೂರು ಕ್ಯಾಂಪಸ್ಸಿನಲ್ಲೂ ಎಂ.ಡಿಸ್. ಮಾಡಬಹುದು. ಎರಡನೆಯದು ನೇರವಾಗಿ ಡಿಸೈನ್ ಪದವಿ, ಬಿ.ಡಿಸ್. ಐಐಟಿ ಬಾಂಬೆ, ಗುವಾಹಟಿ, ಹೈದರಾಬಾದ್ ಮುಂತಾದ ಕಡೆ ಯುಸೀಡ್ ಪರೀಕ್ಷೆಯ ಮೂಲಕ ಸೇರಬಹುದು. ಎನ್‌ಐಡಿಗೆ ಅದರದ್ದೇ ಪರೀಕ್ಷೆ. ಬೆಂಗಳೂರಿನ ಸೃಷ್ಟಿ ಮಣಿಪಾಲ್‌ನಂಥ ಖಾಸಗಿ ಸಂಸ್ಥೆಗಳೂ ಇವೆ. ಖಾಸಗಿ ಡಿಸೈನ್ ಕಾಲೇಜುಗಳ ಫೀಸು ಸಣ್ಣ ತೋಟದ ಮನೆಗೆ ಹೊರೆಯೇ, ಸಾಲ ಮಾಡುವ ಮೊದಲು ಲೆಕ್ಕ ಹಾಕಿ.

ನನ್ನ ಸಲಹೆ ಕೇಳಿದರೆ, ಗಣಿತ ನಿಮಗೆ ತೀರಾ ಕಷ್ಟವಲ್ಲದಿದ್ದರೆ ಮೊದಲ ಬಾಗಿಲು. ಯಂತ್ರಗಳ ಚಲನೆ, ನಿಯಂತ್ರಣ, ಎಲೆಕ್ಟ್ರಾನಿಕ್ಸ್ ಇವನ್ನು ಈ ವಯಸ್ಸಿನಲ್ಲಿ ಮೇಷ್ಟ್ರ ಎದುರು ಕೂತು ಕಲಿತರೆ ಗಟ್ಟಿಯಾಗುತ್ತದೆ, ಮೂವತ್ತರಲ್ಲಿ ಒಬ್ಬರೇ ಕೂತು ಕಲಿಯುವುದು ಬಹಳ ಕಷ್ಟ. ಆದರೆ ಈ ದಾರಿಯಲ್ಲಿ ಒಂದು ಅಪಾಯ ಇದೆ. ಚಿತ್ರ ಬರೆಯುವ ಕೈ, ಪ್ರಶ್ನೆ ಕೇಳುವ ಅಭ್ಯಾಸ ಎರಡನ್ನೂ ಕಾಲೇಜು ನಿಮ್ಮಿಂದ ಕೇಳುವುದೇ ಇಲ್ಲ. ನಾಲ್ಕು ವರ್ಷ ಬಿಟ್ಟರೆ ಎರಡೂ ಹೋಗುತ್ತವೆ. ಅದನ್ನು ನೀವೇ ಉಳಿಸಿಕೊಳ್ಳಬೇಕು. ಗಣಿತ ನಿಜಕ್ಕೂ ಹಿಂಸೆ ಅನ್ನಿಸಿದರೆ ಸಂಕೋಚ ಬೇಡ, ಬಿ.ಡಿಸ್. ಕಡೆ ಹೋಗಿ, ಅಲ್ಲಿ ಎಲೆಕ್ಟ್ರಾನಿಕ್ಸನ್ನು ಹಟದಿಂದ ಕಲಿಯಿರಿ.

ಯಾವ ಕಾಲೇಜಾದರೂ ಸೇರುವ ಮೊದಲು ಒಮ್ಮೆ ಹೋಗಿ ವರ್ಕ್‌ಶಾಪ್ ನೋಡಿ. ಸಂಜೆ ಐದಕ್ಕೆ ಬೀಗ ಬೀಳುತ್ತದೆಯೇ, ಮೊದಲ ವರ್ಷದವರಿಗೆ ಲೇತ್, ತ್ರೀಡಿ ಪ್ರಿಂಟರ್ ಮುಟ್ಟಲು ಬಿಡುತ್ತಾರೆಯೇ ಅಂತ ಅಲ್ಲಿನ ಹುಡುಗರನ್ನೇ ಕೇಳಿ. ಕೊನೆಯ ವರ್ಷದ ಪ್ರಾಜೆಕ್ಟುಗಳು ಎಲ್ಲ ಒಂದೇ ಥರ ಇದ್ದರೆ, ಅಂಗಡಿಯಿಂದ ತಂದ ಕಿಟ್ ಜೋಡಿಸಿದ್ದು ಅಂತ ತಿಳಿಯಿರಿ.

ಕೆಲಸದ ವಿಷಯ ಮುಚ್ಚಿಡುವುದಿಲ್ಲ. ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಪದವಿಯ ಹೆಸರು ನೋಡುತ್ತವೆ, ಬಿ.ಇ. ಇದ್ದರೆ ಮೊದಲ ಕೆಲಸ ಸುಲಭ. ಮ್ಯೂಸಿಯಂ, ವಸ್ತುಪ್ರದರ್ಶನ, ಸಿನಿಮಾ ಮತ್ತು ರಂಗದ ಚಲಿಸುವ ಗೊಂಬೆಗಳು, ಆಟಿಕೆ, ವೈದ್ಯಕೀಯ ಸಾಧನ, ಮನುಷ್ಯರ ನಡುವೆ ಓಡಾಡುವ ರೋಬೋಟುಗಳ ವಿನ್ಯಾಸ ಇಲ್ಲೆಲ್ಲ ಕಲೆ, ಎಂಜಿನಿಯರಿಂಗ್ ಎರಡೂ ಬಲ್ಲವರು ಬೇಕು. ಆದರೆ ಅಲ್ಲಿ ನೀವು ಮಾಡಿದ್ದನ್ನು ತೋರಿಸಿ ಕೆಲಸ ಕೇಳಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಇನ್ನೊಂದು ಸಂಗತಿ ಅಪ್ಪನಿಗೆ ತಿಳಿಸಿ. ಇವತ್ತು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲೆಲ್ಲ ಕಾಣುವ, ಕೋಡ್ ತುಂಬಿಸಿ ಮೋಟರ್, ಸೆನ್ಸರ್ ನಡೆಸುವ ಆರ್ಡುಇನೊ ಎಂಬ ಸಣ್ಣ ಬೋರ್ಡು 2005ರಲ್ಲಿ ಹುಟ್ಟಿದ್ದು ಇಟಲಿಯ ಇವ್ರಿಯಾ ಎಂಬ ಊರಿನ ಒಂದು ಡಿಸೈನ್ ಶಾಲೆಯಲ್ಲಿ. ಎಲೆಕ್ಟ್ರಾನಿಕ್ಸ್ ಓದದ ವಿನ್ಯಾಸದ ಮಕ್ಕಳಿಗೂ ಸುಲಭವಾಗಲಿ ಅಂತ ಮಾಡಿದ್ದು.

ಈಗಿನಿಂದ ಮಾಡಬೇಕಾದ್ದು ಇಷ್ಟು. ಒಂದು ಆರ್ಡುಇನೊ, ಎರಡು ಸಣ್ಣ ಗೇರ್ ಮೋಟರ್, ಮೋಟರ್ ನಡೆಸಲು ಒಂದು ಡ್ರೈವರ್ ಬೋರ್ಡು, ಬೆಳಕು ಗುರುತಿಸುವ ಎರಡು ಎಲ್‌ಡಿಆರ್ ತರಿಸಿಕೊಳ್ಳಿ. ಎಡಗಣ್ಣಿಗೆ ಬೆಳಕು ಬಿದ್ದಷ್ಟೂ ಎಡ ಮೋಟರ್ ಜೋರಾಗಿ ಓಡಲಿ, ಬಲಕ್ಕೆ ಬಲ. ಗಾಡಿ ಬೆಳಕಿನಿಂದ ತಪ್ಪಿಸಿಕೊಳ್ಳುತ್ತದೆ. ಈಗ ವೈರ್ ಅದಲುಬದಲು ಮಾಡಿ. ಅದು ಬೆಳಕಿನ ಮೇಲೆ ನುಗ್ಗುತ್ತದೆ. ಮಿದುಳು ವಿಜ್ಞಾನಿ ವ್ಯಾಲೆಂಟಿನೊ ಬ್ರೈಟೆನ್‌ಬರ್ಗ್ ಕೊಟ್ಟ ವಿಚಾರ ಇದು. ಎರಡನ್ನೂ ಮನೆಯವರಿಗೆ ತೋರಿಸಿ, ಏನು ಕಂಡಿತು ಅಂತ ಕೇಳಿ, ಅವರು ಹೇಳಿದ ಮಾತನ್ನು ಹಾಗೇ ಬರೆದಿಟ್ಟುಕೊಳ್ಳಿ. ಬೆಂಗಳೂರಿಗೆ ಹೋದಾಗ ವಿಜ್ಞಾನ, ಕಲೆ ಎರಡನ್ನೂ ಸೇರಿಸಿ ಪ್ರದರ್ಶನ ಮಾಡುವ ಸೈನ್ಸ್ ಗ್ಯಾಲರಿ ನೋಡಿ ಬನ್ನಿ, ಪ್ರವೇಶ ಉಚಿತ.

ರಾಕ್ಷಸನ ಕೈಯ ವಿಡಿಯೊ, ನೀವು ಗೀಚಿದ ಚಿತ್ರ, ಸರಿಯಾಗಿ ಆಡದ ಜೋಡಣೆಗಳ ಫೋಟೊ ಎಲ್ಲವನ್ನೂ ತಾರೀಖು ಹಾಕಿ ಒಂದು ಕಡೆ ಇಡಿ. ಮುಂದೆ ಎಂ.ಡಿಸ್.ಗೆ, ಹೊರದೇಶದ ಅರ್ಜಿಗೆ ಇವೇ ಬೇಕಾಗುತ್ತವೆ. ಯುಸೀಡ್ ಪರೀಕ್ಷೆ ಜನವರಿಯಲ್ಲಿ ಇರುತ್ತದೆ, ಅರ್ಜಿ ಅದಕ್ಕೂ ಕೆಲವು ತಿಂಗಳು ಮೊದಲೇ ತೆರೆದು ಮುಚ್ಚುತ್ತದೆ. ಸಿಇಟಿ ಬರೆಯುವುದಾದರೂ ಇದಕ್ಕೊಂದು ಅರ್ಜಿ ಹಾಕಿಡಿ. ಯಾವ ಬಾಗಿಲು ಅನ್ನುವುದನ್ನು ಎರಡರ ಫಲಿತಾಂಶವೂ ಕೈಗೆ ಬಂದ ಮೇಲೆ ಅಪ್ಪನ ಜೊತೆ ಕೂತು ತೀರ್ಮಾನಿಸಿ.